ಫ್ರಾನ್ಸಿನ ಹಳ್ಳಿ ನೋಡಬೇಕಾ? ಮೊದಲು ಸಂತೆ ಯಾವತ್ತು ಅಂತ ಕೇಳಿ

"ಪ್ಯಾರಿಸ್ ಮೂರು ದಿನ ಸಾಕು ಸಾರ್, ಆಮೇಲೆ ಒಂದೈದಾರು ಚಂದದ ಹಳ್ಳಿ ಸೇರಿಸಿಬಿಡಿ."

ಫೆಬ್ರವರಿ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಹೀಗೇ ಶುರುವಾಗುತ್ತವೆ. ಪ್ರವಾಸದ ಪಟ್ಟಿ ಹಾಕಿಕೊಡುವುದು ನನ್ನ ಹೊಟ್ಟೆಪಾಡು, ಅದರಲ್ಲೂ ಫ್ರಾನ್ಸಿನದೇ ಜಾಸ್ತಿ. ಫೋನ್ ಇಟ್ಟ ಐದು ನಿಮಿಷಕ್ಕೆ ವಾಟ್ಸಾಪಿನಲ್ಲಿ ಫೋಟೋಗಳು ಬಂದು ಬೀಳುತ್ತವೆ. ಒಂದು ಜರ್ಮನಿ ಗಡಿಯ ಅಲ್ಸಾಸಿನದು, ಒಂದು ದಕ್ಷಿಣದ ಪ್ರೊವಾನ್ಸಿನದು, ಇನ್ನೊಂದು ಪಶ್ಚಿಮದ ತುದಿಯ ಬ್ರಿಟನಿಯದು. ಮೂರನ್ನೂ ಒಂದೇ ವಾರದಲ್ಲಿ ಮುಗಿಸಬೇಕು. ಫ್ರಾನ್ಸ್ ನಮ್ಮ ಕರ್ನಾಟಕದ ಸುಮಾರು ಮೂರು ಪಟ್ಟು ದೊಡ್ಡದು ಅಂದರೆ, "ಟ್ರೈನ್ ಫಾಸ್ಟ್ ಇದೆಯಲ್ಲಾ ಸಾರ್" ಅಂತಾರೆ. ಟ್ರೈನೇನೋ ಫಾಸ್ಟ್. ಅದು ಹಳ್ಳಿಗೆ ಹೋಗಲ್ಲ, ಅಷ್ಟೇ.

ಈ ಕೆಲಸ ಶುರು ಮಾಡಿದ ಹೊಸತರಲ್ಲಿ ನಾನೂ ಹಾಗೇ ಪಟ್ಟಿ ಹಾಕುತ್ತಿದ್ದೆ, ದಿನಕ್ಕೆ ನಾಲ್ಕು ಹಳ್ಳಿ. ಒಂದು ಸಲ ಎಂಟು ಜನರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಮಧ್ಯಾಹ್ನ ಎರಡೂಕಾಲಿಗೆ ಒಂದು ಊರು ಮುಟ್ಟಿದೆವು. ಹೋಟೆಲಿನ ಬಾಗಿಲು ತೆರೆದೇ ಇತ್ತು, ಹೊರಗೆ ಕುರ್ಚಿ ಹಾಕಿದ್ದರು, ನಾಲ್ಕು ಜನ ಕಾಫಿ ಕುಡಿಯುತ್ತ ಕೂತಿದ್ದರು. ಊಟ ಇದೆಯಾ ಅಂತ ಕೇಳಿದರೆ ಒಳಗಿದ್ದಾಕೆ ಗೋಡೆ ಗಡಿಯಾರದ ಕಡೆ ಕೈ ತೋರಿಸಿದಳು. ಅಡುಗೆಮನೆ ಎರಡಕ್ಕೆ ಬಂದ್. ಬೇಕರಿ ಇನ್ನು ನಾಲ್ಕಕ್ಕೇ ತೆರೆಯುವುದು. ಇದ್ದ ಒಂದು ದಿನಸಿ ಅಂಗಡಿಗೆ ಸೋಮವಾರ ರಜೆ, ಆವತ್ತು ಸೋಮವಾರ. ಯಾರೋ ಮನೆಯಿಂದ ಕಟ್ಟಿಸಿಕೊಂಡು ತಂದಿದ್ದ ಚಕ್ಕುಲಿ ಕೋಡುಬಳೆ ವ್ಯಾನಿನಲ್ಲೇ ಖಾಲಿಯಾಯಿತು. ಆವತ್ತು ನೋಡಿದ ನಾಲ್ಕು ಊರಲ್ಲಿ ಯಾವುದು ಯಾವುದೆಂದು ಮಾರನೇ ದಿನಕ್ಕೇ ಯಾರಿಗೂ ನೆನಪಿರಲಿಲ್ಲ. ಚಕ್ಕುಲಿ ಮಾತ್ರ ಇವತ್ತಿಗೂ ನೆನಪಿದೆಯಂತೆ.

ಅದಾದ ಮೇಲೆ ನನ್ನ ಪಟ್ಟಿಯ ಧಾಟಿಯೇ ಬದಲಾಯಿತು. ಒಂದು ಸಂತೆ ಊರು ಹಿಡಿಯಿರಿ, ಅಲ್ಲಿ ನಾಲ್ಕೈದು ರಾತ್ರಿ ಉಳಿಯಿರಿ, ಸುತ್ತಲಿನ ಹಳ್ಳಿಗಳಿಗೆ ಬೆಳಗ್ಗೆ ಬೇಗ ಇಲ್ಲವೇ ಸಂಜೆ ಹೊತ್ತು ಹೋಗಿಬನ್ನಿ. ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಅಂತ ವೀಸಾ ಅರ್ಜಿಯ ಜೊತೆ ತೋರಿಸಬೇಕಲ್ವಾ, ಆ ಕಾಗದವೂ ಕಮ್ಮಿಯಾಗುತ್ತದೆ.

ಎಲ್ಲಿ ಅಂತ ಕೇಳಿದರೆ ನನ್ನ ಮೊದಲ ಉತ್ತರ ಸಾರ್ಲಾ. ನೈರುತ್ಯ ಫ್ರಾನ್ಸಿನಲ್ಲಿ ದೋರ್ದೋನ್ ನದಿಯ ಸೀಮೆಯ ಸಣ್ಣ ಪಟ್ಟಣ ಅದು. ಜೇನಿನ ಬಣ್ಣದ ಕಲ್ಲಿನ ಮನೆಗಳು, ಮಾಡಿಗೂ ಚಪ್ಪಡಿ ಕಲ್ಲೇ. ಇಷ್ಟೊಂದು ಹಳೇ ಮನೆಗಳು ಹೇಗೆ ಉಳಿದವು ಅಂತ ಎಲ್ಲರೂ ಕೇಳುತ್ತಾರೆ. ದೊಡ್ಡ ಕಾರ್ಖಾನೆ, ದೊಡ್ಡ ವ್ಯಾಪಾರ ಎರಡೂ ಈ ಕಡೆ ಬರಲಿಲ್ಲ. ಹಳೇದು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಇಲ್ಲಿಯವರ ಹತ್ತಿರ ಇರಲಿಲ್ಲ, ಹಾಗಾಗಿ ಹಳೇದೇ ಉಳಿಯಿತು. ಆದರೆ ಸೋರುತ್ತಿತ್ತು, ಬೀಳುತ್ತಿತ್ತು. 1962ರಲ್ಲಿ ಆಗಿನ ಸಂಸ್ಕೃತಿ ಮಂತ್ರಿ ಆಂದ್ರೆ ಮಾಲ್ರೋ ಒಂದು ಕಾನೂನು ತಂದರು. ಒಂದೊಂದೇ ಕಟ್ಟಡ ಅಂತಲ್ಲದೆ ಹಳೇ ಪೇಟೆಗೆ ಪೇಟೆಯನ್ನೇ ಕಾಪಾಡುವ ಕಾನೂನು ಅದು. ಅದರಡಿ ಮೊದಮೊದಲು ದುರಸ್ತಿಯಾದ ಊರುಗಳಲ್ಲಿ ಸಾರ್ಲಾ ಒಂದು.

ಸಂತೆ ಬುಧವಾರ ಮತ್ತು ಶನಿವಾರ. ಶನಿವಾರದ್ದು ದೊಡ್ಡದು, ಹಾಗಾಗಿ ಶುಕ್ರವಾರ ಸಂಜೆಯೊಳಗೆ ಊರು ಸೇರುವ ಹಾಗೆ ನಾನು ಟಿಕೆಟ್ ಮಾಡಿಸುತ್ತೇನೆ. ಬೆಳಗ್ಗೆ ಎಂಟಕ್ಕೆ ಹೋಗಿ. ಹತ್ತರ ಮೇಲೆ ಓಣಿಯಲ್ಲಿ ಕಾಲಿಡಲು ಜಾಗ ಇರಲ್ಲ, ಮಧ್ಯಾಹ್ನದ ಹೊತ್ತಿಗೆ ತರಕಾರಿಯವರು ಬುಟ್ಟಿ ಕಟ್ಟುತ್ತಾರೆ. ಅಕ್ರೋಟು ಚಿಪ್ಪಿನ ಸಮೇತ ರಾಶಿ ಹಾಕಿರುತ್ತಾರೆ, ಪಕ್ಕದಲ್ಲೇ ಅದರ ಎಣ್ಣೆ, ಅದರದ್ದೇ ಕೇಕು. ಮೇ ತಿಂಗಳಾದರೆ ಸ್ಟ್ರಾಬೆರಿ, ಬುಟ್ಟಿ ಕಾಣುವ ಮೊದಲೇ ವಾಸನೆ ಬರುತ್ತದೆ. ಅಂಗೈಯಲ್ಲಿ ಹಿಡಿಸುವ ದುಂಡಗಿನ ಮೇಕೆ ಹಾಲಿನ ಚೀಸು, ಹೆಸರು ಕಾಬೆಕು. ಎಳೇದು, ಬಲಿತದ್ದು, ಒಣಗಿದ್ದು ಅಂತ ಸಾಲಾಗಿ ಇಟ್ಟಿರುತ್ತಾರೆ. ಎಳೇದರಿಂದ ಶುರು ಮಾಡಿ, ಒಣಗಿದ್ದು ಎಲ್ಲರಿಗೂ ಹಿಡಿಸಲ್ಲ. ಅಲ್ಲೇ ಸಂತ ಮೇರಿಯ ಹಳೇ ಚರ್ಚು ಇದೆ, ಈಗ ಅದು ಒಳಾಂಗಣ ಮಾರುಕಟ್ಟೆ. ಅದಕ್ಕೆ ಆ ರೂಪ ಕೊಟ್ಟವರು ವಾಸ್ತುಶಿಲ್ಪಿ ಜಾನ್ ನೂವೆಲ್, ಹುಡುಗನಾಗಿದ್ದಾಗ ಇದೇ ಊರಲ್ಲಿ ಬೆಳೆದವರು. ಅವರು ಹಾಕಿಸಿದ ಲೋಹದ ಬಾಗಿಲು 15 ಮೀಟರ್ ಎತ್ತರ, ಒಂದೊಂದು ಬಾಗಿಲೂ 7 ಟನ್ ತೂಕ. ಅದನ್ನು ದಾಟಿ ಒಳಗೆ ಹೋದರೆ ಒಬ್ಬಾಕೆ ಈರುಳ್ಳಿ ತೂಗುತ್ತಿರುತ್ತಾಳೆ.

ಸಂತೆಯಲ್ಲಿ ಒಂದು ಮಾತು ನೆನಪಿರಲಿ. ಏನೇ ಕೇಳುವ ಮೊದಲು "ಬೊನ್‌ಜೂರ್" ಅನ್ನಿ. ಇದನ್ನು ನಾನು ನೂರು ಸಲ ಹೇಳಿದರೂ ಜನ ನಗುತ್ತಾರೆ, ಆಮೇಲೆ ಬಂದು "ಫ್ರೆಂಚರಿಗೆ ಸೊಕ್ಕು ಸಾರ್" ಅಂತ ದೂರುತ್ತಾರೆ. ನಮಸ್ಕಾರ ಹೇಳದೆ ನೇರ "ಹೌ ಮಚ್" ಅಂದವರ ಮೇಲೆ ಅವರಿಗೆ ಸಿಟ್ಟು ಬರುತ್ತದೆ. ಪರರ ಮನೆ ಜಗುಲಿ ಹತ್ತಿ ಮಾತಾಡಿಸದೆ ಒಳಗೆ ನುಗ್ಗಿದ ಹಾಗೆ ಅದು.

ಇನ್ನು ಹಳ್ಳಿಗಳು. ಸಾರ್ಲಾದಿಂದ ಹತ್ತು ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲೇ ನದಿ ದಂಡೆಯಲ್ಲಿ ನಾಲ್ಕಿವೆ: ಬೆನಾಕ್, ಕಾಸ್ಟೆಲ್ನೋ, ಲಾ ರೋಕ್ ಗಜಾಕ್, ದೋಮ್. ನಾಲ್ಕಕ್ಕೂ "ಫ್ರಾನ್ಸಿನ ಅತಿ ಸುಂದರ ಹಳ್ಳಿ" ಅನ್ನುವ ಫಲಕ ಸಿಕ್ಕಿದೆ. ಇದು ಸರ್ಕಾರ ಕೊಟ್ಟ ಬಿರುದಲ್ಲ. ಕೆಂಪು ಕಲ್ಲಿನ ಊರಾದ ಕೊಲೋಂಜ್ ಲಾ ರೂಜ್‌ನ ಮೇಯರ್ ಶಾರ್ಲ್ ಸೆರಾಕ್ 1982ರಲ್ಲಿ ಬೇರೆ ಮೇಯರುಗಳನ್ನು ಸೇರಿಸಿಕೊಂಡು ಕಟ್ಟಿದ ಸಂಘದ್ದು. ಜನಸಂಖ್ಯೆ 2,000 ಮೀರಬಾರದು, ಸಂರಕ್ಷಿತ ಕಟ್ಟಡವೋ ತಾಣವೋ ಕನಿಷ್ಠ ಎರಡಿರಬೇಕು, ಊರ ಪಂಚಾಯಿತಿ ಒಪ್ಪಿ ಅರ್ಜಿ ಹಾಕಬೇಕು, ಚಂದಾನೂ ಕಟ್ಟಬೇಕು. ಸರಿಯಾಗಿ ನೋಡಿಕೊಳ್ಳದಿದ್ದರೆ ಫಲಕ ವಾಪಸ್. ಸುಮಾರು 180 ಊರುಗಳು ಈ ಪಟ್ಟಿಯಲ್ಲಿವೆ. ಸಾರ್ಲಾ ಇದರಲ್ಲಿಲ್ಲ, ಅಲ್ಲಿ ಜನ ಜಾಸ್ತಿ. ಹಾಗಾಗಿ ಪಟ್ಟಿ ಹಿಡಿದು ಹೊರಟವರು ಉಳಿಯಲು ಯೋಗ್ಯವಾದ ಊರುಗಳನ್ನೇ ಬಿಟ್ಟು ಮುಂದೆ ಹೋಗುತ್ತಾರೆ. 2,000 ಜನರ ಮಿತಿ ಅಂದರೆ ಏನು ಅಂತ ಯೋಚನೆ ಮಾಡಿ. ಬಸ್ಸು ಅಪರೂಪ, ಹೋಟೆಲು ಒಂದೋ ಎರಡೋ, ಮೆಡಿಕಲ್ ಶಾಪ್ ಇದ್ದರೆ ಪುಣ್ಯ.

ಬೆನಾಕ್ ಮತ್ತು ಕಾಸ್ಟೆಲ್ನೋ ಕೋಟೆಗಳು ನದಿಯ ಆಚೆ ಈಚೆ ಎದುರುಬದುರು ನಿಂತಿವೆ. ನೂರು ವರ್ಷದ ಯುದ್ಧದಲ್ಲಿ ಒಂದು ಫ್ರೆಂಚರ ಕಡೆ, ಇನ್ನೊಂದು ಬಹುಕಾಲ ಇಂಗ್ಲಿಷರ ಕಡೆ. ನಡುವೆ ನೀರು ಅಷ್ಟೇ. ಬೆನಾಕ್ ಓಣಿ ಕಡಿದಾದ ಏರು, ಮಂಡಿ ನೋವಿನವರು ಕಾರಿನಲ್ಲಿ ಮೇಲಿನ ದಾರಿಯಿಂದ ಹೋಗಿ ಕೆಳಗಿಳಿಯುವುದು ಒಳ್ಳೇದು. ದೋಮ್ 1281ರಲ್ಲಿ ರಾಜ ಮೂರನೇ ಫಿಲಿಪ್ ಗುಡ್ಡದ ಮೇಲೆ ಕಟ್ಟಿಸಿದ ಕೋಟೆ ಊರು. ಅಗಸೆಬಾಗಿಲು ದಾಟಿ ತುದಿಗೆ ಹೋದರೆ ಇಡೀ ಕಣಿವೆ ಕಾಲ ಕೆಳಗೆ.

ನನ್ನ ಮೆಚ್ಚಿನದು ಮಾತ್ರ ಲಾ ರೋಕ್ ಗಜಾಕ್. ಊರು ಅಂದರೆ ಒಂದು ಬಂಡೆ, ಅದಕ್ಕೆ ಅಂಟಿಕೊಂಡ ಮನೆಗಳ ಸಾಲು, ಕೆಳಗೆ ರಸ್ತೆ, ರಸ್ತೆ ಇಳಿದರೆ ನದಿ. ಬಂಡೆಯ ಮುಖ ದಕ್ಷಿಣಕ್ಕೆ, ಚಳಿಗಾಲದಲ್ಲೂ ಬಿಸಿಲು ಕಾಯುತ್ತದೆ. ಅದಕ್ಕೇ ಮನೆಗಳ ಸಂದಿಯಲ್ಲಿ ತಾಳೆ, ಬಿದಿರು, ಬಾಳೆ ಗಿಡ ಎಲ್ಲ ಬೆಳೆದಿವೆ. ನಮ್ಮವರು ಬಾಳೆಗಿಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ನೋಡಿ ಅಲ್ಲಿಯವರಿಗೆ ಆಶ್ಚರ್ಯ. ಈ ಬಂಡೆ ಸಾಧುವಲ್ಲ ಮತ್ತೆ. 1957ರ ಜನವರಿಯಲ್ಲಿ ಒಂದು ಭಾಗ ಕಳಚಿ ಮನೆಗಳ ಮೇಲೆ ಬಿದ್ದು ಮೂರು ಜನ ಸತ್ತರು. ಮೇಲೆ ನೋಡಿದರೆ ಬಂಡೆಯ ಬಣ್ಣ ಅಲ್ಲಲ್ಲಿ ಬೇರೆ ಇರುವುದು ಕಾಣುತ್ತದೆ.

ಹಗಲು ಹನ್ನೊಂದರಿಂದ ಐದರವರೆಗೆ ಇಲ್ಲಿ ಬಸ್ಸುಗಳ ಸಾಲು. ಆಗ ಬಂದು "ಎಲ್ಲಾ ಟೂರಿಸ್ಟ್ ಜಾಗ" ಅಂತ ಬೈಯುವವರಿಗೆ ನಾನು ಹೇಳುವುದು, ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರಕ್ಕೆ. ಆರೂವರೆಗೆ ಊಟದ ಡಬ್ಬಿ ಹಿಡಿದು ಹೋಗಿ. ಬಸ್ಸುಗಳು ಹೊರಟಿರುತ್ತವೆ, ಪಾರ್ಕಿಂಗಿನಲ್ಲಿ ಜಾಗ ಇರುತ್ತದೆ, ಗೋಡೆ ಕಲ್ಲುಗಳು ಇನ್ನೂ ಬಿಸಿಯಾಗಿರುತ್ತವೆ. ಮೂರು ಗಂಟೆ ಹೊತ್ತು ಊರು ನಿಮ್ಮದೇ.

ಊಟದ ವಿಷಯ. ಈ ಸೀಮೆ ಬಾತುಕೋಳಿಯ ರಾಜ್ಯ, ಸಸ್ಯಾಹಾರಿಗಳಿಗೆ ಕಷ್ಟ ಅಂತ ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಮೋಸ ಹೋಗುವುದು ಆಲೂಗಡ್ಡೆಯಲ್ಲಿ. ಸಾರ್ಲಾ ಹೆಸರಿನದೇ ಒಂದು ಆಲೂಗಡ್ಡೆ ಪಲ್ಯ ಇದೆ, ಬೆಳ್ಳುಳ್ಳಿ ಪಾರ್ಸ್ಲಿ ಹಾಕಿ ಗರಿಗರಿಯಾಗಿ ಹುರಿದದ್ದು, ನೋಡಿದರೆ ಬಾಯಲ್ಲಿ ನೀರು. ಹುರಿಯುವುದು ಬಾತಿನ ಕೊಬ್ಬಿನಲ್ಲಿ. ಮೆನುವಿನಲ್ಲಿ ಆಲೂಗಡ್ಡೆ ಅಂತಷ್ಟೇ ಇರುತ್ತದೆ. ಬಿಸಿ ಮಾಡಿದ ಮೇಕೆ ಚೀಸಿನ ಸಲಾಡ್ ಒಳ್ಳೇದು, ಆದರೆ ಅದರ ಮೇಲೆ ಹಂದಿ ಮಾಂಸದ ಚೂರು ಉದುರಿಸಿಬಿಡುತ್ತಾರೆ, "ಸಾಂ ಲಾರ್ದೋಂ" ಅಂತ ಮೊದಲೇ ಹೇಳಿ. ಸೂಪು ತರಕಾರಿಯದಾದರೂ ನೀರು ಕೋಳಿಯದಿರಬಹುದು. "ವೆಜಿಟೇರಿಯನ್" ಅಂದರೆ ಮೀನು ತಂದಿಡುವವರೂ ಇದ್ದಾರೆ. ಇನ್ನೂ ಕಟ್ಟುನಿಟ್ಟಿನವರಿಗೆ, ಅಲ್ಲಿನ ಹಳೇ ಪದ್ಧತಿಯ ಎಷ್ಟೋ ಚೀಸುಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ ಅನ್ನುವುದನ್ನೂ ಹೇಳಲೇಬೇಕು. ಬ್ರಿಟನಿ ಕಡೆ ಹೋದರೆ ಈ ತಾಪತ್ರಯ ಕಮ್ಮಿ. ಅಲ್ಲಿ ಬಕ್‌ವೀಟ್ ಹಿಟ್ಟಿನ ಗ್ಯಾಲೆಟ್ ಸಿಗುತ್ತದೆ, ತೆಳ್ಳಗೆ ಕಂದುಬಣ್ಣಕ್ಕೆ ಥೇಟ್ ರಾಗಿ ದೋಸೆ. ಚಟ್ನಿ ಇಲ್ಲ, ಅಷ್ಟೇ.

ಇದಕ್ಕೇ ನಾನು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಲು ಹೇಳುವುದು. ಅದಕ್ಕೆ ಅವರು "ಝೀತ್" ಅಂತಾರೆ. ಹೆಸರು ಕೇಳಿ ಹೆದರಬೇಡಿ, ಜೀತಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಂತೆಯಿಂದ ತರಕಾರಿ ತಂದು ಅನ್ನ ಸಾರು ಮಾಡಿಕೊಂಡರಾಯಿತು. ಜುಲೈ ಆಗಸ್ಟಿನಲ್ಲಿ ಮಾತ್ರ ಝೀತ್‌ಗಳನ್ನು ಶನಿವಾರದಿಂದ ಶನಿವಾರಕ್ಕೆ, ವಾರದ ಲೆಕ್ಕದಲ್ಲೇ ಕೊಡುವುದು ರೂಢಿ. ಎರಡು ರಾತ್ರಿಗೆ ಅಂತ ಕೇಳಿದರೆ ಉತ್ತರವೇ ಬರದಿರಬಹುದು. ಆ ಎರಡು ತಿಂಗಳು ಬಿಟ್ಟು ಮೇ ಕೊನೆ, ಜೂನ್, ಸೆಪ್ಟೆಂಬರ್ ನೋಡಿ. ನವೆಂಬರಿನಿಂದ ಮಾರ್ಚ್ ತನಕ ಅರ್ಧ ಊರು ಬಾಗಿಲು ಹಾಕಿರುತ್ತದೆ. ಲ್ಯಾವೆಂಡರ್ ಬೇಕು ಅನ್ನುವವರು ಮಾತ್ರ ಪ್ರೊವಾನ್ಸಿಗೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಹೋಗಬೇಕು. ಮಕ್ಕಳಿಗೆ ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೋದರೆ ಬರೀ ಹಸಿರು ಪೊದೆ. ಗೋರ್ದ್ ಅನ್ನುವ ಊರಿನ ಫೋಟೋ ಎಲ್ಲರ ಹತ್ತಿರವೂ ಇದೆ, ಆಗಸ್ಟ್ ಮಧ್ಯಾಹ್ನ ಅಲ್ಲಿಗೆ ಹೋಗಲು ನಾನಂತೂ ಯಾರಿಗೂ ಹೇಳಲ್ಲ.

ದೋರ್ದೋನ್ ಸೀಮೆಗೆ ಕಾರು ಬೇಕೇ ಬೇಕು. ಪ್ಯಾರಿಸಿನಿಂದ ಬೋರ್ದೋ ನಗರಕ್ಕೆ ಟಿಜಿವಿ ಅನ್ನುವ ಫಾಸ್ಟ್ ಟ್ರೈನಿನಲ್ಲಿ ಎರಡು ಗಂಟೆ ಚಿಲ್ಲರೆ, ಅಲ್ಲಿ ಕಾರು ತೆಗೆದುಕೊಳ್ಳಿ. ಸ್ಟೀರಿಂಗ್ ಎಡಕ್ಕೆ, ಓಡಿಸುವುದು ರಸ್ತೆಯ ಬಲಕ್ಕೆ. ಗೇರು ಬಲಗೈಗೆ ಬರುವುದರಿಂದ ಮೊದಲ ದಿನ ಎಡಗೈ ಬಾಗಿಲು ತಡಕಾಡುತ್ತದೆ, ಸುಮ್ನೆ ಆಟೋಮ್ಯಾಟಿಕ್ ಬುಕ್ ಮಾಡಿ, ಅದೂ ಬೇಗ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಮ್ಮ ಆರ್‌ಟಿಒದಲ್ಲೇ ಮಾಡಿಸಿಕೊಂಡು ಹೋಗಿ. ನಮ್ಮವರು ದಂಡ ಕಟ್ಟುವುದು ಎರಡು ಕಡೆ. ಒಂದು, ಊರ ಹೆಸರಿನ ಬೋರ್ಡು. ಕೆಂಪು ಅಂಚಿನ ಬಿಳಿ ಬೋರ್ಡು ಕಂಡ ಕೂಡಲೇ ವೇಗದ ಮಿತಿ 50, ಬೇರೆ ಯಾವ ಬೋರ್ಡೂ ಹಾಕಿರಲ್ಲ. ಅದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಬೋರ್ಡು ಬಂದರೆ ಊರು ಮುಗಿಯಿತು. ಎರಡು, ಬಲಗಡೆಯ ಹಕ್ಕು. ಗುರುತು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಗಲ್ಲಿಯಿಂದ ಟ್ರ್ಯಾಕ್ಟರ್ ಬಂದರೂ ಅದಕ್ಕೇ ಮೊದಲ ದಾರಿ. ನೀವು ದೊಡ್ಡ ರಸ್ತೆಯಲ್ಲಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ.

ಡ್ರೈವಿಂಗ್ ಬೇಡವೇ ಬೇಡ ಅನ್ನುವವರಿಗೆ ನಾನು ಅಲ್ಸಾಸ್ ಹಾಕಿಕೊಡುತ್ತೇನೆ. ಪ್ಯಾರಿಸಿನ ಗಾರ್ ದ್ ಲೆಸ್ಟ್ ನಿಲ್ದಾಣದಿಂದ ಕೊಲ್ಮಾರಿಗೆ ಸುಮಾರು ಎರಡೂವರೆ ಗಂಟೆ. ಅಲ್ಲೇ ಉಳಿದುಕೊಂಡು ಸುತ್ತಲ ಊರುಗಳಿಗೆ ಬಸ್ಸಿನಲ್ಲಿ ಹೋಗಬಹುದು. ಎಗಿಸೈಮ್ ಆರೇಳು ಕಿಲೋಮೀಟರ್ ಅಷ್ಟೇ, ಕೋಟೆಯ ಸುತ್ತ ಬಳೆ ತೊಡಿಸಿದ ಹಾಗೆ ಓಣಿಗಳು, ಎಲ್ಲಿಂದ ನಡೆಯಲು ಶುರು ಮಾಡಿದರೂ ಅಲ್ಲಿಗೇ ಬರುತ್ತೀರಿ. ಮರದ ತೊಲೆಗಳ ನಡುವೆ ಮಣ್ಣು ತುಂಬಿ ಬಣ್ಣ ಬಳಿದ ಮನೆಗಳು. ಕೈಸರ್ಸ್‌ಬರ್ಗ್, ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯ ಆಲ್ಬರ್ಟ್ ಶ್ವೈಟ್ಜರ್ 1875ರಲ್ಲಿ ಹುಟ್ಟಿದ ಊರು. ಆಗ ಅದು ಜರ್ಮನಿಯಲ್ಲಿತ್ತು, 1871ರದ್ದೂ ಸೇರಿ 1945ರೊಳಗೆ ಈ ಸೀಮೆ ಎರಡು ದೇಶಗಳ ನಡುವೆ ನಾಲ್ಕು ಸಲ ಕೈ ಬದಲಾಯಿಸಿದೆ. ಇಲ್ಲಿನ ಹಳೇ ಆಡುಮಾತು ಜರ್ಮನ್ ಬಳಗದ್ದು, ಬೋರ್ಡಿನ ಹೆಸರುಗಳು ಜರ್ಮನ್ ಹಾಗೆ ಕೇಳಿಸುವುದು ಅದಕ್ಕೇ. ರಿಕ್ವೀರ್ ಚಂದ, ಆದರೆ ಬೆಳಗ್ಗೆ ಒಂಬತ್ತರೊಳಗೆ.

ಭಾನುವಾರ ಬಸ್ಸು ಕಮ್ಮಿ ಅಂತ ಬರೆದುಕೊಳ್ಳಿ. ಕಾರು ವಾಪಸ್ ಕೊಡುವ ಕಚೇರಿಯ ಸಮಯವನ್ನೂ ಬರೆದುಕೊಳ್ಳಿ. ಸಣ್ಣ ಊರಲ್ಲಿ ಅವು ಮಧ್ಯಾಹ್ನ ಊಟಕ್ಕೆ ಮುಚ್ಚುತ್ತವೆ, ಭಾನುವಾರ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಹೋದ ವರ್ಷ ಒಂದು ಕುಟುಂಬ ಹನ್ನೆರಡೂ ಐದಕ್ಕೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ಕಾರಿನ ಕೀಲಿ ಹಿಡಿದುಕೊಂಡು ನಿಂತು ನನಗೆ ಫೋನ್ ಮಾಡಿತ್ತು. ಟ್ರೈನು ಹನ್ನೆರಡೂ ನಲವತ್ತಕ್ಕೆ. ಕಚೇರಿ ತೆರೆಯುವುದು ಎರಡಕ್ಕೆ. ಮುಂದಿನ ಟ್ರೈನು ಸಂಜೆ. ಅವರಿಗೆ ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ: ಇನ್ನೂ ಎರಡಾಗಿಲ್ಲ, ಹೋಗಿ ಮೊದಲು ಊಟ ಮಾಡಿಬಿಡಿ.