ಪ್ಯಾರಾಲೀಗಲ್ ಕಲಿಕೆಯ ಟಿಪ್ಪಣಿ: ಕೊನೆಯ ದಿನ ಲೆಕ್ಕ ಹಾಕುವುದು ಹೇಗೆ?

ಕಾಲಮಿತಿಯ ಪಾಠ, ಅಂದರೆ ಯಾವ ದಿನದೊಳಗೆ ಕೋರ್ಟಿಗೆ ಹೋಗಬೇಕು ಎನ್ನುವ ಪಾಠ, ಈಗಷ್ಟೇ ಮುಗಿಸಿದ್ದೇನೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಕೂತು ಮೊಬೈಲ್‌ನಲ್ಲೇ ಪ್ಯಾರಾಲೀಗಲ್ ಕೋರ್ಸ್ ಮಾಡುತ್ತಿರುವ, ನಾಳೆ ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸ ಹುಡುಕುವ ಎಲ್ಲರಿಗೂ ಇದು ಉಪಯೋಗಕ್ಕೆ ಬರಬಹುದು. ಕರಡು ಬರೆಯುವುದು, ಫೈಲ್ ಜೋಡಿಸುವುದು ವಿಡಿಯೋ ನೋಡಿಯೂ ಬರುತ್ತದೆ. ತಾರೀಕಿನ ಲೆಕ್ಕ ಹಾಗಲ್ಲ. "ಸರ್ಟಿಫೈಡ್ ಕಾಪಿಗೆ (ಕೋರ್ಟ್ ಸೀಲು ಹಾಕಿ ಕೊಡುವ ನಕಲಿಗೆ) ಹಿಡಿದ ಸಮಯ ಬಿಟ್ಟು ಎಣಿಸಿ" ಎಂದು ಒಂದೇ ಸಾಲು ಹೇಳಿ ಪಾಠ ಮುಂದಕ್ಕೆ ಓಡುತ್ತದೆ. ಆ ಒಂದು ಸಾಲಿನಲ್ಲಿ ಎಷ್ಟು ಗಂಟುಗಳಿವೆ ಅಂತ ಪೆನ್ನು ಹಿಡಿದು ಕೂತರೇ ಗೊತ್ತಾಗುವುದು.

ಮೊದಲು, ಕೆಲಸ ಯಾವುದು?

ನಮ್ಮ ಕಡೆ ಪ್ಯಾರಾಲೀಗಲ್ ಅಂದರೆ ಜನ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ಅಂದುಕೊಳ್ಳುತ್ತಾರೆ. ಅದು ಬೇರೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ಆ ಯೋಜನೆ ತಂದಿತು. ಅಲ್ಲಿ ಸಿಗುವುದು ಗೌರವಧನ, ಸಂಬಳವಲ್ಲ. ಕೆಲಸವೂ ಹಳ್ಳಿಯಲ್ಲಿ, ಜೈಲಿನಲ್ಲಿ, ಠಾಣೆಯಲ್ಲಿ ಜನರಿಗೆ ದಾರಿ ತೋರಿಸುವುದು. ಉಚಿತ ನೆರವಿಗೆ 15100 ನಂಬರ್ ಇದೆ, ಅದನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು.

ನಾವು ಕಲಿಯುತ್ತಿರುವುದು ವಕೀಲರ ಕೈಕೆಳಗಿನ ಕೆಲಸ. ಇದಕ್ಕೆ ನಮ್ಮ ದೇಶದಲ್ಲಿ ಲೈಸೆನ್ಸ್ ಅಂತ ಇಲ್ಲ. ಇಗ್ನೋದಲ್ಲಿ ಪ್ಯಾರಾಲೀಗಲ್ ಪ್ರಾಕ್ಟೀಸ್ ಡಿಪ್ಲೊಮಾ ಇದೆ, ಖಾಸಗಿ ಆನ್‌ಲೈನ್ ಕೋರ್ಸ್‌ಗಳು ಬೇಕಾದಷ್ಟಿವೆ. ಯಾವ ಸರ್ಟಿಫಿಕೇಟ್ ಇದ್ದರೂ ಕೋರ್ಟಿನಲ್ಲಿ ನಿಂತು ವಾದ ಮಾಡುವ ಹಕ್ಕು ಬರುವುದಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ಅದು ವಕೀಲರದ್ದು ಮಾತ್ರ. ಹಕ್ಕಿಲ್ಲದೆ ವಕೀಲಿ ಮಾಡಿದರೆ ಕಲಂ 45ರಲ್ಲಿ ಆರು ತಿಂಗಳವರೆಗೆ ಜೈಲು. ಕಕ್ಷಿದಾರರು ಆಫೀಸಿನ ಹೊರಗೆ ನಿಲ್ಲಿಸಿ "ಕೇಸು ಗೆಲ್ತೀವಾ ಸರ್?" ಎಂದು ಕೇಳುತ್ತಾರೆ. "ವಕೀಲರನ್ನೇ ಕೇಳಿ ಅಣ್ಣಾ" ಎನ್ನುವುದೇ ಸರಿಯಾದ ಉತ್ತರ.

ಮೇಲ್ಮನವಿಯ ಕೊನೆಯ ದಿನ

1963ರ ಕಾಲಮಿತಿ ಕಾಯ್ದೆ ತೆಗೆಯಿರಿ. ಕೊನೆಯಲ್ಲಿ ಶೆಡ್ಯೂಲ್ ಇದೆ. ಅದರ ಆರ್ಟಿಕಲ್ 116 ಸಿವಿಲ್ ಮೇಲ್ಮನವಿಗೆ. ಹೈಕೋರ್ಟಿಗೆ ಹೋಗುವುದಾದರೆ 90 ದಿನ, ಬೇರೆ ಕೋರ್ಟಿಗಾದರೆ 30 ದಿನ. ಎರಡೂ ಡಿಕ್ರಿಯ (ತೀರ್ಪಿನ ಆದೇಶವನ್ನು ಬರೆದಿಡುವ ಪ್ರತ್ಯೇಕ ಕಾಗದ) ತಾರೀಕಿನಿಂದ. ಯಾವ ಕೋರ್ಟಿಗೆ ಹೋಗಬೇಕು ಅನ್ನುವುದನ್ನು ವಕೀಲರು ಹೇಳುತ್ತಾರೆ, ನಾವು ದಿನ ಎಣಿಸಬೇಕು.

ಒಂದು ಉದಾಹರಣೆ ಹಿಡಿಯೋಣ. ಚಿತ್ತಾಪುರ ಕಡೆಯ ಒಂದು ಹೊಲದ ದಾವೆ. ತೀರ್ಪು, ಡಿಕ್ರಿ ಎರಡೂ 2025ರ ಜೂನ್ 10, ಮಂಗಳವಾರ. ಮೇಲ್ಮನವಿ ಜಿಲ್ಲಾ ನ್ಯಾಯಾಲಯಕ್ಕೆ, ಅಂದರೆ 30 ದಿನ.

ಕಲಂ 12 ಹೇಳುವ ಮೊದಲ ಮಾತು: ತೀರ್ಪು ಬಂದ ದಿನ ಎಣಿಸಬೇಡಿ. ಹಾಗಾಗಿ ಜೂನ್ 11 ಒಂದನೇ ದಿನ. ಮೂವತ್ತನೇ ದಿನ ಜುಲೈ 10. ಇಲ್ಲಿವರೆಗೆ ಎಲ್ಲರಿಗೂ ಬರುತ್ತದೆ.

ಎರಡನೇ ಮಾತು: ಡಿಕ್ರಿಯ ನಕಲು ಪಡೆಯಲು "ಬೇಕಾದ" ಸಮಯವನ್ನೂ ಎಣಿಸಬೇಡಿ. ನಕಲಿಗೆ ಜೂನ್ 16ಕ್ಕೆ ಅರ್ಜಿ ಹಾಕಿದರು ಅಂದುಕೊಳ್ಳಿ. ನಕಲು ತಯಾರಾದದ್ದು ಜೂನ್ 27. ಅರ್ಜಿಯ ದಿನ, ತಯಾರಾದ ದಿನ ಎರಡನ್ನೂ ಸೇರಿಸಿ 12 ದಿನ. ಜುಲೈ 10ಕ್ಕೆ 12 ಸೇರಿಸಿ. ಜುಲೈ 22, ಮಂಗಳವಾರ. ಇದೇ ಕೊನೆಯ ದಿನ.

ನಾನು ತುಂಬಾ ಹೊತ್ತು ನಿಂತದ್ದು ಇಲ್ಲೇ. "ಬೇಕಾದ ಸಮಯ" ಅಂದರೆ ನಕಲು ನಮ್ಮ ಕೈಗೆ ಬರುವ ತನಕದ ಸಮಯ ಅಲ್ವಾ ಅನ್ನಿಸುತ್ತದೆ. ಅಲ್ಲ. ಕೋರ್ಟಿಗೆ ಹಿಡಿದ ಸಮಯ ನಮ್ಮ ಲೆಕ್ಕದಿಂದ ಹೊರಗೆ. ನಾವು ತಡ ಮಾಡಿದ ಸಮಯ ಒಳಗೆ. ಈ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದನ್ನು ನಕಲೇ ಹೇಳುತ್ತದೆ. ಸರ್ಟಿಫೈಡ್ ಕಾಪಿಯ ಕೊನೆಯ ಹಾಳೆ ತಿರುಗಿಸಿ. ಅಲ್ಲಿ ಸೀಲಿನ ಜೊತೆ ಸಾಲಾಗಿ ತಾರೀಕುಗಳಿರುತ್ತವೆ: ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಲು ಹೇಳಿದ ದಿನ, ಕಟ್ಟಿದ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ. ಕಕ್ಷಿದಾರರು ತೀರ್ಪಿನ ಮೊದಲ ಹಾಳೆ ನೋಡುತ್ತಾರೆ. ನಾವು ಮೊದಲು ನೋಡಬೇಕಾದದ್ದು ಈ ಕೊನೆಯ ಹಾಳೆ.

ಅದೇ ಉದಾಹರಣೆಯನ್ನು ಸ್ವಲ್ಪ ಬದಲಾಯಿಸಿ. ನಕಲು ಜೂನ್ 27ಕ್ಕೆ ತಯಾರು. ಆದರೆ ಕಕ್ಷಿದಾರರು ತೆಗೆದುಕೊಂಡದ್ದು ಜುಲೈ 4ಕ್ಕೆ. ಕೊನೆಯ ದಿನ ಬದಲಾಗುತ್ತದಾ? ಇಲ್ಲ. ಜೂನ್ 28ರಿಂದ ಜುಲೈ 4ರವರೆಗಿನ ಏಳು ದಿನ ಅವರದೇ ತಲೆಗೆ. ಈಗಲೂ ಜುಲೈ 22.

ಶುಲ್ಕದ ಕಥೆಯೂ ಹೀಗೇ. ಶುಲ್ಕ ಕಟ್ಟಿ ಎಂದು ಹೇಳಿದ ಮೇಲೆ ನಾವು ತಡ ಮಾಡಿದರೆ ಆ ನಡುವಿನ ದಿನಗಳು ನಕಲಿಗೆ "ಬೇಕಾದ" ದಿನಗಳಲ್ಲ. ಅದಕ್ಕೇ ಸೀಲಿನಲ್ಲಿ ಹೇಳಿದ ದಿನ, ಕಟ್ಟಿದ ದಿನ ಬೇರೆ ಬೇರೆ ಬರೆದಿರುವುದು.

ಈಗ ಎಲ್ಲಕ್ಕಿಂತ ದೊಡ್ಡ ಗಂಟು. ತೀರ್ಪು ಬಂದಿದೆ, ಆದರೆ ಕೋರ್ಟಿನ ಆಫೀಸಿನಲ್ಲಿ ಡಿಕ್ರಿ ಇನ್ನೂ ಬರೆದು ಮುಗಿಸಿಲ್ಲ. ಯಾವಾಗ ಬರೆದರೂ ಅದಕ್ಕೆ ಹಾಕುವುದು ತೀರ್ಪಿನ ತಾರೀಕೇ, ಹಾಗಾಗಿ ದಿನ ಓಡುತ್ತಲೇ ಇರುತ್ತದೆ. "ಡಿಕ್ರಿ ಆಗಲಿ, ಆಮೇಲೆ ಅರ್ಜಿ ಹಾಕೋಣ" ಎಂದು ಕೂತರೆ? ಕಲಂ 12ರ ಕೊನೆಯಲ್ಲಿ ಒಂದು ಸಣ್ಣ ವಿವರಣೆ ಇದೆ. ಅದನ್ನು ದಯವಿಟ್ಟು ಎರಡು ಸಲ ಓದಿ. ನಕಲಿಗೆ ಅರ್ಜಿ ಹಾಕುವ ಮೊದಲು ಡಿಕ್ರಿ ತಯಾರಿಸಲು ಕೋರ್ಟ್ ತೆಗೆದುಕೊಂಡ ಸಮಯ ನಮಗೆ ಸಿಗುವುದಿಲ್ಲ. ಅರ್ಜಿ ಹಾಕಿದ ಮೇಲೆ ಡಿಕ್ರಿ ತಡವಾದರೆ ಆ ಸಮಯ ಸಿಗುತ್ತದೆ. ಅರ್ಜಿಗೆ ಮೊದಲು ತಡವಾದರೆ ಸಿಗುವುದಿಲ್ಲ. ಡಿಕ್ರಿ ಜೂನ್ 20ಕ್ಕೆ ತಯಾರಾಯಿತು, ನಾವೂ ಅವತ್ತೇ ಅರ್ಜಿ ಹಾಕಿದೆವು ಅಂದರೆ ಜೂನ್ 11ರಿಂದ 19ರವರೆಗಿನ ಒಂಬತ್ತು ದಿನ ಸುಮ್ನೆ ಹೋದವು. ಜೂನ್ 11ಕ್ಕೇ ಅರ್ಜಿ ಹಾಕಿದ್ದರೆ ಅವೇ ದಿನಗಳು ನಮ್ಮ ಪಾಲಿಗೆ ಬರುತ್ತಿದ್ದವು. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಇದು: ತೀರ್ಪಿನ ಮರುದಿನವೇ ನಕಲಿನ ಅರ್ಜಿ, ಡಿಕ್ರಿ ಆಗಿರಲಿ ಬಿಡಲಿ.

ತೀರ್ಪಿನ ನಕಲಿಗೂ ಹೀಗೇ ಸಮಯ ಸಿಗುತ್ತದೆ. ಆದರೆ ಎರಡೂ ನಕಲಿನ ದಿನಗಳು ಒಂದರ ಮೇಲೊಂದು ಬಿದ್ದರೆ ಅವನ್ನು ಒಂದೇ ಸಲ ಎಣಿಸಬೇಕು. ತೀರ್ಪಿಗೆ 12, ಡಿಕ್ರಿಗೆ 12, ಒಟ್ಟು 24 ಅಂತ ಮಾಡುವ ಹಾಗಿಲ್ಲ.

ಇನ್ನು ರಜೆ. ನಕಲು ಜೂನ್ 27ರ ಬದಲು 25ಕ್ಕೆ ತಯಾರಾಗಿದ್ದರೆ ಸಿಗುವುದು 10 ದಿನ. ಕೊನೆಯ ದಿನ ಜುಲೈ 20. ಅದು ಭಾನುವಾರ. ಕಲಂ 4ರ ಪ್ರಕಾರ ಕೋರ್ಟ್ ತೆರೆದ ದಿನ ಹಾಕಬಹುದು, ಅಂದರೆ ಜುಲೈ 21, ಸೋಮವಾರ. ಈ ಅನುಕೂಲ ಕೊನೆಯ ದಿನವೇ ರಜೆಯಾದರೆ ಮಾತ್ರ. ನಡುವೆ ಬರುವ ಭಾನುವಾರ, ಹಬ್ಬ, ಎರಡನೇ ಶನಿವಾರ ಎಲ್ಲವೂ 30ರ ಲೆಕ್ಕದಲ್ಲೇ ಇರುತ್ತವೆ. "ನಾಲ್ಕು ಭಾನುವಾರ ಬಂದಿತ್ತಲ್ಲ, ನಾಲ್ಕು ದಿನ ಜಾಸ್ತಿ ಸಿಗುತ್ತೆ" ಅನ್ನುವವರು ಇದ್ದಾರೆ. ಸಿಗುವುದಿಲ್ಲ.

ದಿನ ದಾಟಿಹೋದರೆ ಕಲಂ 5. ತಡಕ್ಕೆ ಸರಿಯಾದ ಕಾರಣ ತೋರಿಸಿ, ಅಫಿಡವಿಟ್ ಜೊತೆ ಅರ್ಜಿ ಹಾಕಿ ಕ್ಷಮಿಸಿ ಎಂದು ಕೇಳಬಹುದು. ಇದು ಮೇಲ್ಮನವಿಗೆ, ಡಿಕ್ರಿ ಜಾರಿಯ ಅರ್ಜಿ ಬಿಟ್ಟು ಬೇರೆ ಅರ್ಜಿಗಳಿಗೆ ಇದೆ. ಹೊಸ ದಾವೆಗೆ ಇಲ್ಲ. ದಾವೆಯ ಮಿತಿ ದಾಟಿದರೆ ಕಲಂ 5 ಕಾಪಾಡುವುದಿಲ್ಲ.

ನನ್ನ ಅಭ್ಯಾಸ ಹೀಗೆ: ಡೈರಿಯಲ್ಲಿ ಎರಡು ತಾರೀಕು ಬರೆಯುವುದು. ಒಂದು, ನಕಲಿನ ದಿನಗಳನ್ನು ಸೇರಿಸದ ತಾರೀಕು, ಮೇಲಿನ ಉದಾಹರಣೆಯಲ್ಲಿ ಜುಲೈ 10. ಇನ್ನೊಂದು, ಸೇರಿಸಿದ ತಾರೀಕು, ಜುಲೈ 22. ವಕೀಲರಿಗೆ ಮೊದಲು ಹೇಳುವುದು ಜುಲೈ 10. ಎರಡನೆಯದು ಕೈಯಲ್ಲಿ ಉಳಿದದ್ದು ಅಷ್ಟೇ.

ಚೆಕ್ ಕೇಸಿನಲ್ಲಿ "ತಿಂಗಳು"

ನಮ್ಮದು ತೊಗರಿಯ ಸೀಮೆ. ತೊಗರಿ ಮಾರಿದವರಿಗೆ ಚೆಕ್ ಬರುತ್ತದೆ, ಕೆಲವು ಸಲ ಅದು ಬೌನ್ಸ್ ಆಗುತ್ತದೆ. ಹಾಗಾಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138 ಇಲ್ಲಿ ಬೇಕೇ ಬೇಕು. ಚೆಕ್ಕನ್ನು ಅದರ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು. ಹಣವಿಲ್ಲ ಎಂಬ ಮೆಮೊ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್. ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ. ಕೊಡದಿದ್ದರೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು.

ನೋಡಿ, 30 ದಿನ ಒಂದು ಕಡೆ, ಒಂದು ತಿಂಗಳು ಇನ್ನೊಂದು ಕಡೆ. ಎರಡೂ ಒಂದೇ ಅಲ್ಲ. ತಿಂಗಳು ಅಂದರೆ ಕ್ಯಾಲೆಂಡರ್ ತಿಂಗಳು.

ನೋಟಿಸ್ 2025ರ ನವೆಂಬರ್ 17ಕ್ಕೆ ತಲುಪಿತು. ಕಳಿಸಿದ ದಿನ ಅಲ್ಲ, ತಲುಪಿದ ದಿನ. ಅಂಚೆಯ ಟ್ರ್ಯಾಕಿಂಗ್ ಪುಟ ಅವತ್ತೇ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ನವೆಂಬರ್ 18ರಿಂದ ಎಣಿಸಿದರೆ 15ನೇ ದಿನ ಡಿಸೆಂಬರ್ 2. ಮರುದಿನ ಡಿಸೆಂಬರ್ 3ಕ್ಕೆ ದೂರು ಕೊಡುವ ಹಕ್ಕು ಹುಟ್ಟುತ್ತದೆ. ಆ ದಿನವನ್ನು ಬಿಟ್ಟು ಒಂದು ತಿಂಗಳು ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಹಾಗಾಗಿ ಕೊನೆಯ ದಿನ 2026ರ ಜನವರಿ 3. 30 ದಿನ ಅಂತ ಎಣಿಸಿದರೆ ಜನವರಿ 2 ಬರುತ್ತಿತ್ತು. ಒಂದು ದಿನ ಮೊದಲೇ ಹಾಕಿದರೆ ತೊಂದರೆ ಏನಿಲ್ಲ.

ತೊಂದರೆ ಇರುವುದು ಫೆಬ್ರವರಿಯಲ್ಲಿ. ಹಕ್ಕು ಹುಟ್ಟಿದ್ದು 2026ರ ಫೆಬ್ರವರಿ 3 ಆದರೆ ಕೊನೆಯ ದಿನ ಮಾರ್ಚ್ 3. 30 ದಿನ ಎಣಿಸಿದವರು ಮಾರ್ಚ್ 5 ಅಂದುಕೊಂಡಿರುತ್ತಾರೆ. ಎರಡು ದಿನ ತಡ. ಕಾರಣ ತೋರಿಸಿದರೆ ಕೋರ್ಟ್ ಆ ತಡವನ್ನು ಕ್ಷಮಿಸಬಹುದು, ಕಲಂ 142ರಲ್ಲಿ ಅವಕಾಶ ಇದೆ. ಆದರೆ ತೊಗರಿಯ ಹಣ ಸಿಗದೆ ಕೂತ ರೈತರಿಗೆ ನಮ್ಮ ಎಣಿಕೆಯಿಂದ ಇನ್ನೊಂದು ಅರ್ಜಿಯ ಖರ್ಚು ಬರಬಾರದು.

ಕೇಸ್ ನಂಬರ್ ಓದುವುದು

ಇ-ಕೋರ್ಟ್ಸ್ ಪುಟದಲ್ಲಿ ದುಡ್ಡಿಲ್ಲದೆ ಅಭ್ಯಾಸ ಮಾಡಬಹುದು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಯ ಸಿಎನ್‌ಆರ್, ಅಂದರೆ ಆ ಕೇಸಿಗೆ ಮಾತ್ರ ಸೇರಿದ ಗುರುತಿನ ಸಂಖ್ಯೆ, ಇರುತ್ತದೆ. ಮೊದಲ ಎರಡು ರಾಜ್ಯ, ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡು ಕೋರ್ಟ್, ನಂತರ ಆರು ಅಂಕಿಯ ಕ್ರಮಸಂಖ್ಯೆ, ಕೊನೆಗೆ ನಾಲ್ಕು ಅಂಕಿಯ ಇಸವಿ.

ಹೈಕೋರ್ಟಿನ ಕಲಬುರಗಿ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ ಕೇಸುಗಳೂ ಇಲ್ಲಿಗೇ ಬರುತ್ತವೆ. ಇಲ್ಲಿನ ಕೇಸ್ ನಂಬರ್ 20ರಿಂದ ಶುರುವಾಗುವ ಆರು ಅಂಕಿ. ಧಾರವಾಡದ್ದು 10ರಿಂದ. ನಂಬರ್ ನೋಡಿದ ಕೂಡಲೇ ಪೀಠ ಗೊತ್ತಾಗುತ್ತದೆ. ಹುಡುಕುವ ಪುಟದಲ್ಲಿ ತಪ್ಪು ಪೀಠ ಆರಿಸಿ "ದಾಖಲೆ ಇಲ್ಲ" ಅಂತ ಬಂದಾಗ ಗಾಬರಿಯಾಗಬೇಡಿ, ಮೊದಲು ಇದನ್ನು ನೋಡಿ.

ಹೊಸ ಕಾನೂನು, ಚುಟುಕಾಗಿ

2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ಹಳೆಯ ವಿಡಿಯೋಗಳಲ್ಲಿ ಎಫ್‌ಐಆರ್‌ಗೆ ಕಲಂ 154 ಅಂತ ಇರುತ್ತದೆ, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173. ವಾಟ್ಸಾಪ್ ಸಂದೇಶ, ಸಿಸಿಟಿವಿ ಕೊಡುವಾಗ ಬೇಕಾದ ಪ್ರಮಾಣಪತ್ರ ಮೊದಲು 65ಬಿ, ಈಗ ಸಾಕ್ಷ್ಯ ಅಧಿನಿಯಮದ ಕಲಂ 63. ಅದರಲ್ಲಿ ಎರಡು ಭಾಗ: ಒಂದನ್ನು ದಾಖಲೆ ಕೊಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಹ್ಯಾಶ್ ಮೌಲ್ಯವನ್ನೂ (ಫೈಲಿನಿಂದಲೇ ಲೆಕ್ಕ ಹಾಕಿ ತೆಗೆಯುವ ಅದರ ಗುರುತು) ಬರೆಯಬೇಕು. ಫೈಲ್ ಕೈಗೆ ಬಂದ ದಿನವೇ ಹ್ಯಾಶ್ ತೆಗೆದಿಡುವುದು ಒಳ್ಳೆಯದು.

ಫಸಲಿ ಇಸವಿ

ಇದು ಯಾವ ಕೋರ್ಸಿನಲ್ಲೂ ಇಲ್ಲ, ಆದರೆ ನಮ್ಮ ಮೂರೂ ಜಿಲ್ಲೆಗೆ ಬೇಕು. ನಿಜಾಮರ ಕಾಲದ ಹೊಲದ ಕಾಗದಗಳು ಉರ್ದುವಿನಲ್ಲಿ ಇರುತ್ತವೆ, ಇಸವಿ ಫಸಲಿಯಲ್ಲಿ, ಅಂದರೆ ಆ ಕಾಲದ ಕಂದಾಯ ವರ್ಷದಲ್ಲಿ. ಹೈದರಾಬಾದ್ ಫಸಲಿಗೆ 590 ಸೇರಿಸಿದರೆ ಆ ವರ್ಷ ಶುರುವಾದ ಇಂಗ್ಲಿಷ್ ಇಸವಿ ಸಿಗುತ್ತದೆ. ಫಸಲಿ 1357 ಅಂದರೆ 1947-48. ವರ್ಷ ಅಕ್ಟೋಬರಿನಲ್ಲಿ ಶುರು, ಹಾಗಾಗಿ ಒಂದು ಫಸಲಿ ಎರಡು ಇಸವಿಯ ಮೇಲೆ ಹರಡಿಕೊಂಡಿರುತ್ತದೆ. ಹೈದರಾಬಾದಿನ ಜಾಗೀರು ರದ್ದತಿ ಕಾನೂನು ನೋಡಿ. ಹೆಸರಿನಲ್ಲಿ 1358 ಫಸಲಿ ಇದೆ, ಹೊರಟದ್ದು 1949ರ ಆಗಸ್ಟ್. 1358ಕ್ಕೆ 590 ಸೇರಿಸಿ 1948 ಎಂದು ಬರೆದು ಬಿಟ್ಟರೆ ಒಂದು ವರ್ಷ ಹಿಂದಕ್ಕೆ ಹೋಯಿತು. ದಾಖಲೆಗಳ ಪಟ್ಟಿ ಮಾಡುವಾಗ ಕಾಗದದಲ್ಲಿರುವ ಫಸಲಿಯನ್ನು ಹಾಗೆಯೇ ಬರೆಯಿರಿ, ಪಕ್ಕದಲ್ಲಿ 1948-49 ಎಂದು ಎರಡೂ ಇಸವಿ ಹಾಕಿ. ಕಾಗದದಲ್ಲಿ ತಿಂಗಳು ಇದ್ದರೆ ಅದನ್ನೂ ಬಿಡಬೇಡಿ, ಯಾವ ಇಸವಿ ಎಂದು ತೀರ್ಮಾನ ಮಾಡುವುದು ಅದೇ.