ಹಳೆಯ ಟ್ಯೂನ್, ಹೊಸ ಮಾತು: ಒಂದು ಜಪಾನೀ ಹಾಡಿನ ಕವರ್‌ಗಳ ಕಥೆ

ಕವರ್ ಹಾಡಿಗೆ, ಅಂದರೆ ಬೇರೊಬ್ಬರ ಹಾಡನ್ನು ಮತ್ತೆ ಹಾಡುವ ರೂಪಕ್ಕೆ, ವಾದ್ಯ ಸಂಯೋಜನೆ ಮಾಡಿಕೊಡಿ ಎಂದು ಬರುವ ಗಾಯಕರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನೀವು ಯಾವ ಧ್ವನಿಮುದ್ರಣ ಕೇಳಿ ಈ ಹಾಡನ್ನು ಮೆಚ್ಚಿದಿರಿ? ಹೆಚ್ಚಿನವರು ಹೇಳುವುದು ಮೂಲವನ್ನಲ್ಲ, ಯಾವುದೋ ಕವರನ್ನು. ಅಂದರೆ ನಾವು ಮಾಡಹೊರಟಿರುವುದು ಕವರ್‌ನ ಕವರ್. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೂಲದಲ್ಲಿದ್ದದ್ದು ಏನು, ನಡುವೆ ಬಂದವರು ಬಿಟ್ಟದ್ದೇನು, ಸೇರಿಸಿದ್ದೇನು ಎಂಬ ಲೆಕ್ಕ ನಮಗೆ ಗೊತ್ತಿರಬೇಕು. ಈ ಲೆಕ್ಕ ಕಲಿಯುವುದಕ್ಕೆ ಜಪಾನಿನ ‘ಉಎ ಒ ಮುಯಿತೆ ಅರುಕೋ’ ಹಾಡಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹೊರಜಗತ್ತು ಇದನ್ನು ಬಲ್ಲದ್ದು ‘ಸುಕಿಯಾಕಿ’ ಎಂಬ ಹೆಸರಿನಿಂದ.

ಹಾಡು ಹುಟ್ಟಿದ್ದು 1961ರಲ್ಲಿ. ಸಾಹಿತ್ಯ ರೊಕುಸುಕೆ ಎಯ್ ಅವರದು, ಸಂಗೀತ ಹಚಿದಾಯ್ ನಕಮುರಾ ಅವರದು, ಗಾಯನ ಕ್ಯೂ ಸಕಾಮೊಟೊ ಅವರದು. ಮೂವರ ಹೆಸರುಗಳಲ್ಲಿ ಕ್ರಮವಾಗಿ ಆರು, ಎಂಟು, ಒಂಬತ್ತು ಎಂಬ ಜಪಾನೀ ಸಂಖ್ಯೆಗಳು ಅಡಗಿರುವುದರಿಂದ ಅಲ್ಲಿನವರು ಇವರನ್ನು ‘ರೊಕು-ಹಚಿ-ಕ್ಯೂ’ ಕೂಟವೆಂದೇ ಕರೆದರು. ನಕಮುರಾ ಜಾಝ್ ಪಿಯಾನೊ ವಾದಕರು. ಸಕಾಮೊಟೊ ರಾಕಬಿಲಿ (ರಾಕ್ ಸಂಗೀತದ ಒಂದು ಆರಂಭಿಕ ಬಗೆ) ಹಾಡಿಕೊಂಡು ಬೆಳೆದ, ಇನ್ನೂ ಇಪ್ಪತ್ತು ತುಂಬದ ಹುಡುಗ. ಎನ್‌ಎಚ್‌ಕೆ ಎಂಬ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ದೂರದರ್ಶನದ ಮನರಂಜನಾ ಕಾರ್ಯಕ್ರಮವೊಂದರಲ್ಲಿ ಹಾಡು ಜನರ ಕಿವಿಗೆ ಬಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ತೊಶಿಬಾ ಸಂಸ್ಥೆ ಅದರ ರೆಕಾರ್ಡ್ ಹೊರತಂದಿತು.

ಕಣ್ಣೀರು ಕೆಳಗೆ ಬೀಳದಿರಲೆಂದು ತಲೆಯೆತ್ತಿ ನಡೆಯುವ ಒಬ್ಬಂಟಿ ಇಲ್ಲಿನ ನಾಯಕ. ಅವನಿಗೆ ವಸಂತ ನೆನಪಾಗುತ್ತದೆ, ಬೇಸಿಗೆ ನೆನಪಾಗುತ್ತದೆ, ಶರತ್ಕಾಲ ನೆನಪಾಗುತ್ತದೆ. ಚಳಿಗಾಲದ ಹೆಸರೇ ಬರುವುದಿಲ್ಲ. ಯಾಕೆ ಅಳುತ್ತಾನೆ ಎಂಬುದನ್ನೂ ಹಾಡು ಹೇಳುವುದಿಲ್ಲ. ಕಾರಣವೇನೋ ಇತ್ತು: ಅಮೆರಿಕದೊಂದಿಗಿನ ಭದ್ರತಾ ಒಪ್ಪಂದದ ವಿರುದ್ಧ 1960ರಲ್ಲಿ ಜಪಾನಿನಲ್ಲಿ ಭಾರೀ ಜನಾಂದೋಲನ ನಡೆಯಿತು, ಜೂನ್ 15ರಂದು ಸಂಸತ್ತಿನ ಬಳಿಯ ಘರ್ಷಣೆಯಲ್ಲಿ ಮಿಚಿಕೊ ಕಂಬಾ ಎಂಬ ವಿದ್ಯಾರ್ಥಿನಿ ಪ್ರಾಣ ಕಳೆದುಕೊಂಡಳು, ಆದರೂ ಒಪ್ಪಂದ ಜಾರಿಗೆ ಬಂದೇ ಬಂತು. ಆ ಮೆರವಣಿಗೆಗಳಲ್ಲಿ ಪಾಲ್ಗೊಂಡಿದ್ದ ಎಯ್ ಅವರ ಸೋಲಿನ ನೋವು ಈ ಸಾಲುಗಳಾಯಿತು. ಆದರೆ ಒಂದೇ ಒಂದು ಪದದಲ್ಲಿಯೂ ಅವರು ಈ ರಾಜಕೀಯವನ್ನು ಹೊರಗೆಡಹಲಿಲ್ಲ. ಹಾಡಿನ ಮುಂದಿನ ಜನ್ಮಗಳೆಲ್ಲ ಸಾಧ್ಯವಾದದ್ದು ಈ ಮೌನದಿಂದ ಎಂದು ನನ್ನ ಅಭಿಪ್ರಾಯ: ಅಳುವಿಗೆ ಕಾರಣ ಕೊಡದಿದ್ದುದರಿಂದ ಪ್ರತಿ ಕವರ್ ತನ್ನದೇ ಕಾರಣವನ್ನು ಅಲ್ಲಿ ತುಂಬಬಹುದಿತ್ತು.

ಸಂಗೀತದ ಕಡೆ ನೋಡಿದರೆ, ಮುಖ್ಯ ಟ್ಯೂನ್ ಬಹುಪಾಲು ಐದೇ ಸ್ವರಗಳಲ್ಲಿ ನಡೆಯುತ್ತದೆ. ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ಬಿಟ್ಟ ಈ ಶ್ರೇಣಿಯನ್ನು ಜಪಾನಿನಲ್ಲಿ ‘ಯೊನಾನುಕಿ’ ಎನ್ನುತ್ತಾರೆ. ಮಧ್ಯಮ, ನಿಷಾದಗಳಿಲ್ಲದ ನಮ್ಮ ಮೋಹನದ ಸ್ವರಗಳೂ ಇವೇ. ಗಮಕಗಳಾಗಲಿ ಸಂಚಾರವಾಗಲಿ ಬೇರೆ, ಆದ್ದರಿಂದ ಇದನ್ನು ಮೋಹನ ರಾಗದ ಹಾಡು ಎಂದು ಕರೆಯುವುದು ಸರಿಯಲ್ಲ. ಆದರೂ ಮೊದಲ ಬಾರಿ ಕೇಳಿದ ಕನ್ನಡದ ಕಿವಿಗೂ ಟ್ಯೂನ್ ಪರಕೀಯವೆನಿಸದಿರುವುದಕ್ಕೆ ಇದೊಂದು ಕಾರಣ. ಸಂತೋಷವು ಮೋಡಗಳ ಮೇಲಿದೆ, ಆಕಾಶದ ಮೇಲಿದೆ ಎನ್ನುವ ನಡುವಿನ ಭಾಗದಲ್ಲಿ ನಕಮುರಾ ತಮ್ಮ ಜಾಝ್ ವಿದ್ಯೆಯನ್ನು ತೋರಿಸುತ್ತಾರೆ. ಅಲ್ಲಿ ಮಧ್ಯಮದ ಮೇಲೆ ನಿಂತ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮರುಸಾಲಿಗೆ ಮೈನರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಚತುಶ್ರುತಿ ಧೈವತ ಒಂದು ಗಳಿಗೆ ಶುದ್ಧ ಧೈವತಕ್ಕೆ ಇಳಿಯುತ್ತದೆ. ಸಂತೋಷ ಎಂಬ ಪದ ಎರಡನೆಯ ಸಲ ಬಂದಾಗಲೇ ಸ್ವರ ಕುಸಿಯುವುದು ಆಕಸ್ಮಿಕವಿರಲಾರದು.

ಇಷ್ಟಾದರೂ ತಾಳವು ದುಃಖದ್ದಲ್ಲ. ಚುರುಕಾಗಿ ಹೆಜ್ಜೆ ಹಾಕುವವನ ನಡಿಗೆಯ ಲಯ, ಝೈಲೊಫೋನ್‌ನ ಟಿಕ್‌ಟಿಕ್, ಆಮೇಲೊಂದು ಸಿಳ್ಳೆ. ರಾಕಬಿಲಿಯಿಂದ ಬಂದ ಸಕಾಮೊಟೊ ಪದಗಳನ್ನು ಬಿಕ್ಕಳಿಸಿದಂತೆ ಮುರಿದು ಹಾಡುತ್ತಾರೆ. ಅದನ್ನು ಮೊದಲು ಕೇಳಿದಾಗ, ಈ ಹುಡುಗ ತಮ್ಮ ಸಾಹಿತ್ಯವನ್ನು ಹಾಳುಮಾಡುತ್ತಿದ್ದಾನೆ ಎಂದು ಎಯ್ ಸಿಟ್ಟಾದದ್ದು ಜಪಾನಿನಲ್ಲಿ ಹೆಸರಾದ ಸಂಗತಿ. ಆದರೆ ಆ ಮುರಿತವೇ ಹಾಡಿನ ಜೀವ: ಅಳು ತಡೆದುಕೊಂಡವನ ಗಂಟಲು ಹಾಗೆಯೇ ಕೇಳಿಸುತ್ತದೆ. ದುಃಖದ ಮಾತು, ಉಲ್ಲಾಸದ ನಡಿಗೆ. ಇವೆರಡರ ಜಗ್ಗಾಟವೇ ಮೂಲ ಧ್ವನಿಮುದ್ರಣದ ಗುಣ. ಕವರ್‌ಗಳನ್ನು ಅಳೆಯಲು ನಾನು ಬಳಸುವ ಅಳತೆಯೂ ಇದೇ.

ಬ್ರಿಟನ್ನಿನ ಪೈ ರೆಕಾರ್ಡ್ಸ್‌ನ ಲೂಯಿಸ್ ಬೆಂಜಮಿನ್ ಜಪಾನಿಗೆ ಹೋದಾಗ ಈ ಟ್ಯೂನ್ ಕೇಳಿ, ತಮ್ಮ ಸಂಸ್ಥೆಯ ಕೆನ್ನಿ ಬಾಲ್ ಅವರ ಜಾಝ್ ತಂಡದಿಂದ ವಾದ್ಯರೂಪದಲ್ಲಿ ನುಡಿಸಿಸಿದರು. ಜಪಾನೀ ಶೀರ್ಷಿಕೆ ಇಂಗ್ಲಿಷ್ ನಾಲಿಗೆಗೆ ಹೊರಳದೆಂದು ದನದ ಮಾಂಸದ ಅಡುಗೆಯೊಂದರ ಹೆಸರನ್ನೇ ಹಾಡಿಗೆ ಇಟ್ಟರು. ಹಾಡಿಗೂ ಅಡುಗೆಗೂ ಯಾವ ಸಂಬಂಧವೂ ಇಲ್ಲ. ಈ ವಾದ್ಯರೂಪ 1963ರ ಆರಂಭದಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಮಾತು ಪೂರ್ತಿ ಹೋದರೂ ನಡಿಗೆ ಉಳಿದದ್ದರಿಂದ ಇದನ್ನು ನಾನು ನಿಷ್ಠಾವಂತ ಕವರ್ ಎಂದೇ ಎಣಿಸುತ್ತೇನೆ. ಅತ್ತ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇಡಿಯೊ ನಿರೂಪಕರೊಬ್ಬರು ಸಕಾಮೊಟೊ ಅವರ ಮೂಲ ರೆಕಾರ್ಡನ್ನೇ ಪ್ರಸಾರ ಮಾಡತೊಡಗಿದರು. ಕೇಳುಗರು ಮತ್ತೆ ಮತ್ತೆ ಬಯಸಿದ್ದರಿಂದ ಕ್ಯಾಪಿಟಲ್ ಸಂಸ್ಥೆ ಅದನ್ನು ಅಲ್ಲಿ ಬಿಡುಗಡೆ ಮಾಡಿತು. ಪೂರ್ತಿ ಜಪಾನೀ ಭಾಷೆಯ ಆ ಹಾಡು 1963ರ ಜೂನ್ 15ರ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ ಮೂರು ವಾರ ಅಲ್ಲೇ ಕುಳಿತಿತು. ಕಂಬಾ ಸತ್ತು ಅಂದಿಗೆ ಸರಿಯಾಗಿ ಮೂರು ವರ್ಷ. ಅಮೆರಿಕದೊಂದಿಗಿನ ಒಪ್ಪಂದದ ದುಃಖದಲ್ಲಿ ಹುಟ್ಟಿದ ಹಾಡಿಗೆ ಅಮೆರಿಕದವರೇ, ಅದರ ಒಂದು ಪದವೂ ತಿಳಿಯದೆ, ತಲೆದೂಗಿದರು.

ಆಮೇಲಿನ ವರ್ಷಗಳಲ್ಲಿ ಬೇರೆ ಭಾಷೆಗಳಲ್ಲಿ ಹಲವು ರೂಪಗಳು ಬಂದವು. ಅವುಗಳ ಪಟ್ಟಿ ಇಲ್ಲಿ ಬೇಡ. ನಿಜವಾದ ತಿರುವು 1981ರದು. ಎ ಟೇಸ್ಟ್ ಆಫ್ ಹನಿ ಎಂಬ ಅಮೆರಿಕನ್ ತಂಡದ ಜಾನಿಸ್ ಮರೀ ಜಾನ್ಸನ್ ಇಂಗ್ಲಿಷಿನಲ್ಲಿ ಹೊಸ ಸಾಹಿತ್ಯ ಬರೆದರು. ಅದರಲ್ಲಿ ಅಳುವಿಗೆ ಕಾರಣ ಸಿಕ್ಕಿತು: ಕೈಬಿಟ್ಟು ಹೋದ ಪ್ರೇಮ. ಟೆಂಪೊ ನಿಧಾನವಾಯಿತು, ನಡಿಗೆ ನಿಂತಿತು, ಜಗ್ಗಾಟ ಮಾಯವಾಯಿತು. ಜೂನ್ ಕುರಮೊಟೊ ನುಡಿಸಿದ ಕೊಟೊ ಎಂಬ ಜಪಾನಿನ ಸಾಂಪ್ರದಾಯಿಕ ತಂತಿವಾದ್ಯ ಸೇರಿಕೊಂಡಿತು. 1961ರ ಮೂಲದಲ್ಲಿ ಕೊಟೊ ಇರಲೇ ಇಲ್ಲ, ಅದು ಪಾಶ್ಚಾತ್ಯ ವಾದ್ಯಗಳ ಪಾಪ್ ಹಾಡು. ಜಪಾನಿನ ಬಣ್ಣವನ್ನು ಹಾಡಿಗೆ ಬಳಿದದ್ದು ಅಮೆರಿಕ. ಈ ರೂಪ ಸುಂದರವಾಗಿದೆ, ಬಿಲ್‌ಬೋರ್ಡ್‌ನಲ್ಲಿ ಮೂರನೆಯ ಸ್ಥಾನಕ್ಕೂ ಏರಿತು. ನನ್ನ ಅಳತೆಯಲ್ಲಿ ಮಾತ್ರ ಇದು ಅದೇ ಟ್ಯೂನ್‌ನ ಬೇರೆ ಹಾಡು.

ಕಾನೂನೂ ಈ ವ್ಯತ್ಯಾಸವನ್ನು ಒಪ್ಪುತ್ತದೆ ಎಂಬುದನ್ನು ಕವರ್ ಮಾಡುವವರು ಗಮನಿಸಬೇಕು. ಒಮ್ಮೆ ಬಿಡುಗಡೆಯಾದ ಹಾಡನ್ನು ನಿಗದಿತ ಶುಲ್ಕ ಕಟ್ಟಿ ಮರುಮುದ್ರಿಸಿಕೊಳ್ಳಲು ಅಮೆರಿಕದ ಕಾನೂನು ಅವಕಾಶ ಕೊಡುತ್ತದೆ, ಗಾಯನಕ್ಕೆ ತಕ್ಕಂತೆ ವಾದ್ಯ ಸಂಯೋಜನೆ ಬದಲಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಆದರೆ ಸಾಹಿತ್ಯವನ್ನು ಬೇರೆ ಭಾಷೆಗೆ ತರಬೇಕಾದರೆ ಹಕ್ಕುದಾರರ ಪ್ರತ್ಯೇಕ ಅನುಮತಿ ಬೇಕು.

1981ರ ನಂತರ ಅಮೆರಿಕದಲ್ಲಿ ಹೆಸರಾದ ರೂಪಗಳೆಲ್ಲ ಜಾನ್ಸನ್ ರೂಪದಿಂದ ಒಡೆದ ಕೊಂಬೆಯವು. ಟೆಕ್ಸಸ್‌ನ ಸೆಲೆನಾ 1989ರಲ್ಲಿ ಹಾಡಿದ ಸ್ಪ್ಯಾನಿಷ್ ರೂಪ ಜಾನ್ಸನ್ ಅವರ ಇಂಗ್ಲಿಷ್ ಸಾಹಿತ್ಯದ ಅನುವಾದ, ಎಯ್ ಅವರ ಸಾಹಿತ್ಯದ್ದಲ್ಲ. 1994ರಲ್ಲಿ 4 ಪಿ.ಎಂ. ತಂಡ ವಾದ್ಯಗಳಿಲ್ಲದೆ ಬರೀ ಕಂಠಗಳಲ್ಲಿ ಹಾಡಿ ಮತ್ತೆ ಮೊದಲ ಹತ್ತರೊಳಗೆ ತಂದದ್ದೂ ಜಾನ್ಸನ್ ಅವರ ಸಾಲುಗಳನ್ನೇ. 1985ರ ಒಂದು ಪ್ರಸಿದ್ಧ ರ‍್ಯಾಪ್ ಹಾಡಿನಲ್ಲಿ ನಡುವೆ ಇಣುಕುವ ಟ್ಯೂನ್ ಕೂಡ ಇಲ್ಲಿಂದಲೇ ಹೋದದ್ದು.

ಜಪಾನಿನ ಕೊಂಬೆ ಬೇರೆಯೇ ದಾರಿ ಹಿಡಿಯಿತು. ಕಿಯೊಶಿರೊ ಇಮಾವನೊ ಅವರ ಆರ್‌ಸಿ ಸಕ್ಸೆಶನ್ ತಂಡ ಇದನ್ನು ಅಬ್ಬರದ ರಾಕ್ ಆಗಿ ಹಾಡಿತು. ಲಯವನ್ನು ಇನ್ನಷ್ಟು ಒರಟುಗೊಳಿಸಿದ ಈ ರೂಪದಲ್ಲಿ ಮೂಲದ ಹಠ ಹೆಚ್ಚಾಗಿ ಕೇಳುತ್ತದೆ. 1985ರ ಆಗಸ್ಟ್ 12ರಂದು ಟೋಕಿಯೊದಿಂದ ಒಸಾಕಾಕ್ಕೆ ಹೊರಟ ಜಪಾನ್ ಏರ್‌ಲೈನ್ಸ್‌ನ 123ನೇ ವಿಮಾನ ಗುನ್ಮಾ ಪ್ರಾಂತ್ಯದ ಬೆಟ್ಟಕ್ಕೆ ಬಡಿದು 520 ಜನ ಸತ್ತರು. ಅವರಲ್ಲಿ 43 ವರ್ಷದ ಸಕಾಮೊಟೊ ಒಬ್ಬರು. ಅಲ್ಲಿಂದಾಚೆಗೆ ಹಾಡಿಗೆ ಗಾಯಕನ ನೆನಪಿನ ಭಾರವೂ ಸೇರಿಕೊಂಡಿತು. 2011ರ ಭೂಕಂಪ ಮತ್ತು ಸುನಾಮಿಯ ನಂತರ ಸನ್‌ಟೊರಿ ಸಂಸ್ಥೆಯ ದೂರದರ್ಶನ ಜಾಹೀರಾತುಗಳಲ್ಲಿ ಹತ್ತಾರು ಕಲಾವಿದರು ಸಾಲು ಸಾಲಾಗಿ ಹಂಚಿಕೊಂಡು ಹಾಡಿದರು. ಕೆಲವರ ಶ್ರುತಿ ಅಷ್ಟಕ್ಕಷ್ಟೆ. ಆದರೂ ಟ್ಯೂನ್ ಕೆಡಲಿಲ್ಲ, ಐದು ಸ್ವರಗಳ ಹಾಡಿಗೆ ಆ ಸೌಲಭ್ಯವಿದೆ.

ಈ ಹಾಡನ್ನು ಕವರ್ ಮಾಡಬೇಕೆನ್ನುವವರಿಗೆ ನಾನು ಹೇಳುವುದಿಷ್ಟು: ಮೊದಲು 1961ರ ಧ್ವನಿಮುದ್ರಣ, ಆಮೇಲೆ ಕೆನ್ನಿ ಬಾಲ್, ಅನಂತರ ಇಮಾವನೊ, ಕೊನೆಗೆ 1981ರದು, ಈ ಕ್ರಮದಲ್ಲಿ ಕೇಳಿ, ಪ್ರತಿಯೊಂದಕ್ಕೂ ಕೋಣೆಯಲ್ಲಿ ಹೆಜ್ಜೆ ಹಾಕಿ ನೋಡಿ, ಯಾವುದಕ್ಕೆ ಕಾಲು ನಿಲ್ಲುತ್ತದೆಯೋ ಗುರುತಿಸಿಕೊಳ್ಳಿ, ಟೆಂಪೊ ತೀರ್ಮಾನವನ್ನು ಆಮೇಲೆ ಮಾಡೋಣ.