ಇಮ್ಯುನೋಥೆರಪಿ ತಗೊಳ್ಳುವಾಗ ಕಣ್ಣಿನ ರೆಪ್ಪೆ ಜೋತು ಬಿದ್ದರೆ

ಕ್ಯಾನ್ಸರ್‌ಗೆ ಇಮ್ಯುನೋಥೆರಪಿ ಅಂದ ಕೂಡಲೇ ಜನ ಕೇಳುವುದು ಕೂದಲು ಉದುರುತ್ತಾ, ವಾಂತಿ ಆಗುತ್ತಾ ಅಂತ. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್‌ನಂಥ ಔಷಧಿಗಳಲ್ಲಿ ಆ ಕಾಟ ಕಡಿಮೆ. ನಾನು ಕೇಳುವುದು ಬೇರೆ. ಒಂದು ವಸ್ತು ಎರಡಾಗಿ ಕಾಣುತ್ತಾ? ಸಂಜೆಯಾದರೆ ರೆಪ್ಪೆ ಜೋತು ಬೀಳುತ್ತಾ? ನುಂಗಲು ಕಷ್ಟವಾ?

ಈ ಔಷಧಿಗಳು ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ, ನಮ್ಮದೇ ಟಿ ಕೋಶಗಳ (ದೇಹವನ್ನು ಕಾಯುವ ಬಿಳಿ ರಕ್ತಕಣಗಳ) ಬ್ರೇಕ್ ತೆಗೆಯುತ್ತವೆ. ಬ್ರೇಕ್ ತೆಗೆದ ಮೇಲೆ ಅವು ಗಡ್ಡೆಯ ಮೇಲಷ್ಟೇ ಬೀಳಬೇಕು ಅಂತೇನಿಲ್ಲವಲ್ಲ. ಚರ್ಮ, ಕರುಳು, ಥೈರಾಯ್ಡ್‌ಗೆ ತೊಂದರೆ ಆಗುವುದು ನಾವು ಆಗಾಗ ನೋಡುವಂಥದ್ದು. ನರಗಳಿಗೆ ಗಂಭೀರವಾಗಿ ಪೆಟ್ಟು ಬೀಳುವುದು ನೂರಕ್ಕೆ ಒಂದರಿಂದ ಮೂರು ಜನರಿಗೆ ಮಾತ್ರ, ಅದೂ ಹೆಚ್ಚಾಗಿ ಮೊದಲ ಮೂರ್ನಾಲ್ಕು ತಿಂಗಳಲ್ಲಿ.

ನನಗೆ ಜಾಸ್ತಿ ಭಯ ಮಯಸ್ತೇನಿಯಾದ್ದು, ಅಂದರೆ ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದೆ ಸ್ನಾಯು ಬೇಗ ಸೋಲುವ ಕಾಯಿಲೆ. ಅದು ಒಂಟಿಯಾಗಿ ಬರದೆ ಸ್ನಾಯುಗಳ ಉರಿಯೂತ, ಹೃದಯದ ಉರಿಯೂತ ಎರಡನ್ನೂ ಜೊತೆಗೆ ಕರೆತರಬಹುದು, ಆಗ ಉಸಿರಾಟಕ್ಕೇ ಕುತ್ತು. ಅದಕ್ಕೇ ರೆಪ್ಪೆ ಜೋತು ಬಿದ್ದವರಿಗೂ ಇಸಿಜಿ, ಜೊತೆಗೆ ಹೃದಯ ಮತ್ತು ಸ್ನಾಯುಗಳಿಗೆ ಪೆಟ್ಟಾಗಿದೆಯಾ ಅಂತ ತಿಳಿಸುವ ಟ್ರೋಪೋನಿನ್, ಸಿಕೆ ಎಂಬ ರಕ್ತ ಪರೀಕ್ಷೆ ಬರೆಯುತ್ತೇನೆ. ಕಣ್ಣಿನ ತೊಂದರೆಗೆ ಹೃದಯದ ಪರೀಕ್ಷೆ ಯಾಕೆ ಅಂತ ಮನೆಯವರು ಕೇಳಿಯೇ ಕೇಳುತ್ತಾರೆ! ಇನ್ನು ಗಿಲಾನ್ ಬಾರೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಬೀಳುವ ಕಾಯಿಲೆ. ಕಾಲಿನಿಂದ ಶುರುವಾಗಿ ಬಲ ಕುಂದುತ್ತಾ ಹೋಗುತ್ತದೆ. ಮಾಮೂಲಿ ಗಿಲಾನ್ ಬಾರೆಗೆ ಸ್ಟೆರಾಯ್ಡ್ ಕೆಲಸ ಮಾಡುವುದಿಲ್ಲ, ಆದರೆ ಈ ಔಷಧಿಯಿಂದ ಬಂದಿದ್ದರೆ ಇಮ್ಯುನೋಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಜೊತೆ ಸ್ಟೆರಾಯ್ಡನ್ನೂ ಕೊಡುತ್ತೇವೆ.

ಈ ಚಿಕಿತ್ಸೆಯಲ್ಲಿರುವ ಕೆಲವರಿಗೆ ಸೋಂಕೂ ತಗಲುವುದುಂಟು. ಅದು ಎಲ್ಲಿಂದ ಬಂತು? ಬಹುಪಾಲು ನಾವು ಕೊಡುವ ಆ ಸ್ಟೆರಾಯ್ಡ್‌ನಿಂದಲೇ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ನಾಲ್ಕು ವಾರ ದಾಟುವಂತಿದ್ದರೆ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ ಬರದಂತೆ ಸಾಮಾನ್ಯವಾಗಿ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಸೇರಿಸುತ್ತೇವೆ. ಹೆಪಟೈಟಿಸ್ ಬಿ ಇದೆಯಾ ಅಂತ ಚಿಕಿತ್ಸೆಗೆ ಮೊದಲೇ ನೋಡಿಕೊಳ್ಳಬೇಕು. ಟಿಬಿ ಕಥೆ ಸ್ವಲ್ಪ ವಿಚಿತ್ರ: ಸ್ಟೆರಾಯ್ಡ್ ಮುಟ್ಟದವರಲ್ಲೂ, ಒಳಗೆ ಸುಮ್ನೆ ಮಲಗಿದ್ದ ಟಿಬಿ ಈ ಔಷಧಿ ಶುರುವಾದ ಮೇಲೆ ಎದ್ದಿರುವುದುಂಟು. ಎಕ್ಸ್‌ರೇಯಲ್ಲಿ ಹೊಸ ಮಚ್ಚೆ ಕಂಡರೆ ಕ್ಯಾನ್ಸರ್ ಹರಡಿತು ಅಂತ ತೀರ್ಮಾನಿಸುವ ಮುಂಚೆ ಕಫ ಪರೀಕ್ಷೆ ಮಾಡಿಸಿ.

ಮಯಸ್ತೇನಿಯಾ ಇದ್ದವರಿಗೆ ಜ್ವರ ಬಂದರೆ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುವುದಂತೂ ಬೇಡ, ಅಜಿಥ್ರೋಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಎರಡೂ ಸ್ನಾಯುಗಳ ಬಲವನ್ನು ಇನ್ನಷ್ಟು ಕುಗ್ಗಿಸಬಹುದು. ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಇಂಥ ತೊಂದರೆ ಬರುವುದುಂಟು, ಹಾಗಾಗಿ ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಯಾವ ಇಂಜೆಕ್ಷನ್, ಕೊನೆಯದು ಯಾವಾಗ ಅನ್ನುವುದನ್ನು ಮೊದಲೇ ಹೇಳಿಬಿಡಿ.